ಪ್ರಯಾಣಿಕ ವಿಮಾನ ತಯಾರಿಕೆ

ಟಿಕೆಟು ಕೊಂಡ ಜನರನ್ನು ವೇಳಾಪಟ್ಟಿಯ ಪ್ರಕಾರ ಸಾಗಿಸುವ ವಿಮಾನಗಳನ್ನು ವಿನ್ಯಾಸ ಮಾಡಿ, ಪರೀಕ್ಷಿಸಿ, ಸರ್ಕಾರಿ ಪ್ರಮಾಣಪತ್ರ ಪಡೆದು ವಿಮಾನಯಾನ ಸಂಸ್ಥೆಗಳಿಗೆ ಮಾರುವ ಉದ್ಯಮವೇ ಪ್ರಯಾಣಿಕ ವಿಮಾನ ತಯಾರಿಕೆ. ನೂರೈವತ್ತಕ್ಕಿಂತ ಹೆಚ್ಚು ಆಸನಗಳಿರುವ ಜೆಟ್ ವಿಮಾನಗಳ ಮಾರುಕಟ್ಟೆ ಇಂದು ಬಹುಮಟ್ಟಿಗೆ ಅಮೆರಿಕದ ಬೋಯಿಂಗ್ ಮತ್ತು ಯುರೋಪಿನ ಏರ್‌ಬಸ್ ಎಂಬ ಎರಡೇ ಸಂಸ್ಥೆಗಳ ಕೈಯಲ್ಲಿದೆ. 1950ರ ದಶಕದಲ್ಲಿ ಡಗ್ಲಾಸ್, ಲಾಕ್‌ಹೀಡ್, ಕಾನ್ವೇರ್, ಡಿ ಹ್ಯಾವಿಲ್ಯಾಂಡ್, ವಿಕರ್ಸ್, ಸುದ್ ಏವಿಯಾಸಿಯೋಂ, ಫೋಕರ್, ಟುಪೊಲೆವ್, ಇಲ್ಯುಶಿನ್ ಹೀಗೆ ಕಣದಲ್ಲಿದ್ದವರ ಪಟ್ಟಿ ದೊಡ್ಡದಿತ್ತು.

ಈ ಲೇಖನದಲ್ಲಿ ‘ತಯಾರಕ’ ಎಂದರೆ ಇಡೀ ವಿಮಾನದ ಹೊಣೆ ಹೊತ್ತು ಪ್ರಮಾಣಪತ್ರ ಪಡೆಯುವ ಸಂಸ್ಥೆ. ಎಂಜಿನ್, ಚಕ್ರವ್ಯವಸ್ಥೆ, ಬಾಗಿಲು, ಆಸನ ಮುಂತಾದುವನ್ನು ಒದಗಿಸುವವರು ‘ಪೂರೈಕೆದಾರರು’. ಪ್ರಯಾಣಿಕರು ಕೂರುವ ಕೊಳವೆಯಾಕಾರದ ಭಾಗಕ್ಕೆ ‘ಒಡಲು’ ಎಂಬ ಪದವನ್ನು ಬಳಸಲಾಗಿದೆ.

ಹುಟ್ಟು

ಮರದ ವ್ಯಾಪಾರಿ ವಿಲಿಯಂ ಬೋಯಿಂಗ್ 1916ರಲ್ಲಿ ಸಿಯಾಟಲ್ ನಗರದಲ್ಲಿ ಪೆಸಿಫಿಕ್ ಏರೋ ಪ್ರಾಡಕ್ಟ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದ. ಮರುವರ್ಷ ಅದಕ್ಕೆ ಅವನ ಹೆಸರೇ ಬಂತು. ಡೊನಾಲ್ಡ್ ಡಗ್ಲಾಸ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಸಂಸ್ಥೆ ಕಟ್ಟಿದ. ಆ ಕಾಲದಲ್ಲಿ ವಿಮಾನಕ್ಕೆ ಸ್ಥಿರ ಆದಾಯ ತರುತ್ತಿದ್ದುದು ಅಂಚೆ ಚೀಲ, ಪ್ರಯಾಣಿಕನಲ್ಲ.

1933ರಲ್ಲಿ ಹಾರಿದ ಬೋಯಿಂಗ್ 247 ಪೂರ್ತಿ ಲೋಹದ ವಿಮಾನ. ಎರಡು ಎಂಜಿನ್, ಮಡಚಿಕೊಳ್ಳುವ ಚಕ್ರ, ಹತ್ತು ಆಸನಗಳಿದ್ದ ಇದನ್ನು ಆಧುನಿಕ ಪ್ರಯಾಣಿಕ ವಿಮಾನದ ಮೊದಲ ರೂಪವೆಂದು ಎಣಿಸುತ್ತಾರೆ. ಒಂದು ತೊಡಕಿತ್ತು: ರೆಕ್ಕೆಯ ತೊಲೆ ಒಡಲಿನೊಳಗೆ ಅಡ್ಡ ಹಾದಿದ್ದರಿಂದ, ಹೊಸ್ತಿಲು ದಾಟುವ ಹಾಗೆ ಅದನ್ನು ದಾಟಿಕೊಂಡೇ ಪ್ರಯಾಣಿಕರು ತಮ್ಮ ಆಸನಕ್ಕೆ ಹೋಗಬೇಕಿತ್ತು. ದೊಡ್ಡ ತೊಡಕು ವ್ಯಾಪಾರದ್ದು. ಬೋಯಿಂಗ್ ಮತ್ತು ಯುನೈಟೆಡ್ ಏರ್‌ಲೈನ್ಸ್ ಆಗ ಒಂದೇ ಒಡೆತನದಲ್ಲಿದ್ದವು. ಮೊದಲ 60 ವಿಮಾನಗಳೂ ಯುನೈಟೆಡ್‌ಗೇ ಮೀಸಲು. ಸರದಿ ಸಿಗದ ಟಿಡಬ್ಲ್ಯುಎ ಸಂಸ್ಥೆ ಡಗ್ಲಾಸ್‌ನ ಬಾಗಿಲು ತಟ್ಟಿತು. ಅದರ ಫಲವೇ ಡಿಸಿ-1, ಡಿಸಿ-2 ಮತ್ತು 1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಿಸಿ-3. ಬೋಯಿಂಗ್ 247 ಕೇವಲ 75 ತಯಾರಾದರೆ, 21 ಆಸನಗಳ ಡಿಸಿ-3 ನಾಗರಿಕ ಬಳಕೆಗೇ 600ಕ್ಕೂ ಹೆಚ್ಚು, ಸೇನಾ ರೂಪಗಳಲ್ಲಿ ಸುಮಾರು 10,000 ತಯಾರಾಯಿತು. ಅಂಚೆ ಗುತ್ತಿಗೆಯೊಂದನ್ನೇ ನೆಚ್ಚದೆ, ಪ್ರಯಾಣಿಕರ ಟಿಕೆಟಿನಿಂದಲೂ ಲಾಭ ಮಾಡಬಹುದೆಂದು ತೋರಿಸಿದ್ದು ಈ ವಿಮಾನ.

1934ರ ಅಮೆರಿಕದ ವಾಯು ಅಂಚೆ ಕಾಯ್ದೆ ತಯಾರಕರನ್ನೂ ವಿಮಾನಯಾನ ಸಂಸ್ಥೆಗಳನ್ನೂ ಬೇರ್ಪಡಿಸಿತು. ತಯಾರಕನು ಯಾರಿಗೆ ಬೇಕಾದರೂ ಮಾರುವ, ಕೊಳ್ಳುವವನು ಯಾರಿಂದ ಬೇಕಾದರೂ ಕೊಳ್ಳುವ ಇಂದಿನ ಪೈಪೋಟಿಗೆ ಇದೇ ಅಡಿಪಾಯ.

ಎರಡನೆಯ ಮಹಾಯುದ್ಧದ ನಂತರದ ಹತ್ತು ವರ್ಷ ಡಗ್ಲಾಸ್ ಮತ್ತು ಲಾಕ್‌ಹೀಡ್‌ಗಳ ಕಾಲ. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಮೊದಲ ಅಂತರರಾಷ್ಟ್ರೀಯ ವಿಮಾನ ‘ಮಲಬಾರ್ ಪ್ರಿನ್ಸೆಸ್’ ಲಾಕ್‌ಹೀಡ್ ಕಾನ್‌ಸ್ಟೆಲೇಶನ್ ಮಾದರಿಯದು.

ಜೆಟ್ ಯುಗ

ಜೆಟ್ ಪ್ರಯಾಣಿಕ ವಿಮಾನವನ್ನು ಮೊದಲು ತಂದವರು ಬ್ರಿಟಿಷರು. ಡಿ ಹ್ಯಾವಿಲ್ಯಾಂಡ್ ಕಾಮೆಟ್ 1949ರ ಜುಲೈ 27ರಂದು ಹಾರಿತು. 1952ರ ಮೇ 2ರಂದು ಲಂಡನ್–ಜೊಹಾನ್ಸ್‌ಬರ್ಗ್ ಮಾರ್ಗದಲ್ಲಿ ಸೇವೆಗೆ ಬಂತು. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದುಹೋದವು. ಕಾರಣ ಹುಡುಕಲು ಫಾರ್ನ್‌ಬರೋದ ಸಂಶೋಧನಾ ಕೇಂದ್ರದಲ್ಲಿ ಒಂದು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರಿನ ಒತ್ತಡ ಏರಿಸಿ ಇಳಿಸಿ ಮಾಡಿದರು. ಪ್ರತಿ ಏರಿಳಿತವೂ ಒಂದು ಹಾರಾಟಕ್ಕೆ ಸಮ. ನಿಜವಾದ ಹಾರಾಟಗಳನ್ನೂ ಸೇರಿಸಿ ಸುಮಾರು 3,000 ಸುತ್ತು ಆಗುವಷ್ಟರಲ್ಲಿ ಒಡಲಿನ ತೆರವೊಂದರ ಮೂಲೆಯಿಂದ ತಗಡು ಸೀಳಿತು. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವ ಹಾಗೆ, ಒತ್ತಡದ ಏರಿಳಿತದಿಂದ ಲೋಹ ಸೋಲುವ ಈ ಗುಣಕ್ಕೆ ಲೋಹದ ದಣಿವು ಎಂದು ಹೆಸರು. ಈ ಪಾಠದ ಬೆಲೆ ತೆತ್ತದ್ದು ಡಿ ಹ್ಯಾವಿಲ್ಯಾಂಡ್. ಲಾಭ ಪಡೆದದ್ದು ಎಲ್ಲ ತಯಾರಕರು.

ಅಷ್ಟರಲ್ಲಿ ಬೋಯಿಂಗ್ ಸುಮಾರು 1.6 ಕೋಟಿ ಡಾಲರ್ ಸ್ವಂತ ಹಣ ಹಾಕಿ 367-80 ಎಂಬ ಪ್ರಾಯೋಗಿಕ ಜೆಟ್ ವಿಮಾನವನ್ನು 1954ರ ಜುಲೈ 15ರಂದು ಹಾರಿಸಿತ್ತು. ಅಮೆರಿಕದ ವಾಯುಪಡೆ ಇದೇ ವಿನ್ಯಾಸದಿಂದ ಇಂಧನ ಟ್ಯಾಂಕರ್‌ಗಳನ್ನು ಕೊಂಡದ್ದು ಬೋಯಿಂಗ್‌ಗೆ ಆಸರೆಯಾಯಿತು. ಆದರೆ 1955ರ ಅಕ್ಟೋಬರ್‌ನಲ್ಲಿ ಪ್ಯಾನ್ ಆಮ್ ಸಂಸ್ಥೆ 20 ಬೋಯಿಂಗ್ 707ಗಳ ಜೊತೆಗೆ, ಇನ್ನೂ ಕಾಗದದ ಮೇಲಷ್ಟೇ ಇದ್ದ ಡಗ್ಲಾಸ್ ಡಿಸಿ-8ನ್ನು 25ರಷ್ಟು ಕಾದಿರಿಸಿತು. ಡಿಸಿ-8ರ ಒಡಲು ಅಗಲವಾಗಿತ್ತು. ಒಂದು ಸಾಲಿಗೆ ಆರು ಜನ ಸರಾಗವಾಗಿ ಕೂರಬಹುದಿತ್ತು. ಬೋಯಿಂಗ್ ಯಂತ್ರಸಾಧನಗಳ ಖರ್ಚನ್ನು ಲೆಕ್ಕಿಸದೆ 707ರ ಒಡಲನ್ನು 148 ಅಂಗುಲಕ್ಕೆ, ಅಂದರೆ 3.76 ಮೀಟರಿಗೆ ಹಿಗ್ಗಿಸಿತು. ಪ್ರತಿಸ್ಪರ್ಧಿಗಿಂತ ಒಂದಂಗುಲ ಹೆಚ್ಚು. ಇದೇ ಅಗಲ ಮುಂದೆ 727, 737, 757ಗಳಿಗೂ ಬಂತು.

1958ರ ಅಕ್ಟೋಬರ್ 4ರಂದು ಸುಧಾರಿತ ಕಾಮೆಟ್ 4 ಅಟ್ಲಾಂಟಿಕ್ ಸಾಗರ ದಾಟುವ ಮೊದಲ ಜೆಟ್ ಸೇವೆಯನ್ನು ಆರಂಭಿಸಿತು. ಮೂರು ವಾರ ಕಳೆದು 26ರಂದು ಬಂದ 707 ಅದಕ್ಕಿಂತ ದೊಡ್ಡದು, ವೇಗದ್ದು. ಪೈಪೋಟಿ ಅಲ್ಲಿಗೆ ತೀರ್ಮಾನವಾಯಿತು. ಈ ನಡುವೆ, 1956ರಿಂದ 1958ರವರೆಗೆ, ಜಗತ್ತಿನಲ್ಲಿ ಸೇವೆಯಲ್ಲಿದ್ದ ಏಕೈಕ ಜೆಟ್ ಪ್ರಯಾಣಿಕ ವಿಮಾನ ಸೋವಿಯತ್ ಒಕ್ಕೂಟದ ಟುಪೊಲೆವ್ 104 ಎಂಬುದು ಪಾಶ್ಚಾತ್ಯ ಬರಹಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಸಂಗತಿ. ಏರ್ ಇಂಡಿಯಾ 1960ರಲ್ಲಿ 707 ಪಡೆದು, 1962ರಲ್ಲಿ ಜೆಟ್‌ಗಳನ್ನಷ್ಟೇ ಹಾರಿಸುವ ಜಗತ್ತಿನ ಮೊದಲ ಸಂಸ್ಥೆಯೆನಿಸಿತು.

ಬ್ರಿಟನ್ನಿನ ತಯಾರಕರು ಹಿಂದೆ ಬಿದ್ದುದಕ್ಕೆ ಅಪಘಾತಗಳೊಂದೇ ಕಾರಣವಲ್ಲ. ಮೂರು ಎಂಜಿನ್‌ಗಳ ಟ್ರೈಡೆಂಟ್ ವಿಮಾನವನ್ನು ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ ಎಂಬ ಒಂದೇ ಗಿರಾಕಿಯ ಅಳತೆಗೆ ಕುಗ್ಗಿಸಲಾಯಿತು, 117 ಮಾರಾಟವಾದವು. ಅದೇ ಬಗೆಯ ಬೋಯಿಂಗ್ 727 ಹಲವು ಗಿರಾಕಿಗಳ ಅಗತ್ಯಕ್ಕೆ ಹೊಂದುವಂತೆ ರೂಪುಗೊಂಡು 1,832 ಮಾರಾಟವಾಯಿತು.

ಜಂಬೊ ಮತ್ತು ಮೂರು ಎಂಜಿನ್‌ಗಳ ಕಾಳಗ

ಪ್ಯಾನ್ ಆಮ್‌ನ ಹ್ವಾನ್ ಟ್ರಿಪ್ ಮತ್ತು ಬೋಯಿಂಗ್‌ನ ಬಿಲ್ ಆಲನ್ ನಡುವಿನ ಮಾತುಕತೆಯಿಂದ ಹುಟ್ಟಿದ ಬೋಯಿಂಗ್ 747 ವಿಮಾನ 1969ರ ಫೆಬ್ರುವರಿ 9ರಂದು ಹಾರಿತು. ಮುಂದಿನ ಕಾಲ ಶಬ್ದಾತೀತ ವಿಮಾನಗಳದ್ದೆಂಬ ನಂಬಿಕೆ ಆಗ ಬಲವಾಗಿತ್ತು. ಆ ಕಾಲ ಬಂದಾಗ 747 ಸರಕು ಸಾಗಣೆಗೆ ಇಳಿಯಬೇಕಾಗುತ್ತದೆಂದು ಮೂತಿಯಲ್ಲೇ ಬಾಗಿಲಿಡಲು ಅನುವಾಗುವಂತೆ ಚಾಲಕರ ಕೋಣೆಯನ್ನು ಮೇಲಂತಸ್ತಿಗೆ ಏರಿಸಿದರು. 747ರ ಪ್ರಸಿದ್ಧ ಗೂನು ಹೀಗೆ ಬಂತು. ಎಣಿಕೆ ತಲೆಕೆಳಗಾಯಿತು. ಬೋಯಿಂಗ್‌ನ ಶಬ್ದಾತೀತ ಯೋಜನೆ 1971ರಲ್ಲಿ ರದ್ದಾಯಿತು, ಬ್ರಿಟನ್–ಫ್ರಾನ್ಸ್‌ಗಳ ಕಾನ್ಕಾರ್ಡ್ ಒಟ್ಟು 20 ಮಾತ್ರ ತಯಾರಾಯಿತು. 747 ಮಾತ್ರ 1,574 ತಯಾರಾಗಿ, ಕೊನೆಯದು 2023ರ ಜನವರಿಯಲ್ಲಿ ಗಿರಾಕಿಯ ಕೈಸೇರಿತು.

747ಕ್ಕಿಂತ ಕೊಂಚ ಚಿಕ್ಕದಾದ, ಮೂರು ಎಂಜಿನ್‌ಗಳ ವಿಮಾನವನ್ನು ಮ್ಯಾಕ್‌ಡೊನೆಲ್ ಡಗ್ಲಾಸ್ (ಡಗ್ಲಾಸ್ 1967ರಲ್ಲಿ ಮ್ಯಾಕ್‌ಡೊನೆಲ್ ಜೊತೆ ವಿಲೀನವಾಗಿತ್ತು) ಮತ್ತು ಲಾಕ್‌ಹೀಡ್ ಎರಡೂ ಏಕಕಾಲಕ್ಕೆ ಮಾಡಹೊರಟವು. ಡಿಸಿ-10 ಮತ್ತು ಟ್ರೈಸ್ಟಾರ್ ಎರಡೂ 1970ರಲ್ಲಿ ಹಾರಿದವು. ಒಬ್ಬರಿಗೆ ಸಾಲುವಷ್ಟಿದ್ದ ಮಾರುಕಟ್ಟೆಯನ್ನು ಇಬ್ಬರು ಹಂಚಿಕೊಂಡಾಗ ಇಬ್ಬರೂ ಬಡವಾದರು. ಟ್ರೈಸ್ಟಾರ್‌ನ ಎಂಜಿನ್ ಮಾಡುತ್ತಿದ್ದ ರೋಲ್ಸ್ ರಾಯ್ಸ್ 1971ರಲ್ಲಿ ದಿವಾಳಿಯಾಗಿ ಬ್ರಿಟನ್ ಸರ್ಕಾರದ ವಶಕ್ಕೆ ಹೋಯಿತು. 250 ಟ್ರೈಸ್ಟಾರ್ ಮಾಡಿ ಲಾಕ್‌ಹೀಡ್ ನಾಗರಿಕ ವಿಮಾನಗಳ ಕಣದಿಂದಲೇ ಹೊರನಡೆಯಿತು. ಡಿಸಿ-10ರ ಹೆಸರಿಗೆ 1974ರ ಮಾರ್ಚ್ 3ರ ದುರಂತ ಕಪ್ಪು ಚುಕ್ಕೆಯಾಗಿ ಉಳಿಯಿತು: ಪ್ಯಾರಿಸ್ ಬಳಿ ಸರಕು ಬಾಗಿಲು ಕಿತ್ತುಹೋಗಿ ಟರ್ಕಿಯ ವಿಮಾನವೊಂದು ಬಿದ್ದು 346 ಜನ ಸತ್ತರು.

ಏರ್‌ಬಸ್

ಒಂದೊಂದು ದೇಶವೂ ಒಂಟಿಯಾಗಿ ಅಮೆರಿಕವನ್ನು ಎದುರಿಸಲಾರದೆಂಬ ಅರಿವಿನಿಂದ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ 1969ರ ಮೇ ತಿಂಗಳಲ್ಲಿ ಒಪ್ಪಂದ ಮಾಡಿಕೊಂಡವು. 1970ರ ಡಿಸೆಂಬರ್‌ನಲ್ಲಿ ಏರ್‌ಬಸ್ ಕೂಟ ಅಧಿಕೃತವಾಗಿ ಸ್ಥಾಪನೆಯಾಯಿತು. ಬ್ರಿಟನ್ ಸರ್ಕಾರ ಹಿಂದೆ ಸರಿದರೂ ಅಲ್ಲಿನ ಹಾಕರ್ ಸಿಡ್ಲಿ ಸಂಸ್ಥೆ ರೆಕ್ಕೆಗಳನ್ನು ಮಾಡುವ ಕೆಲಸ ಉಳಿಸಿಕೊಂಡಿತು. ಏರ್‌ಬಸ್ ರೆಕ್ಕೆಗಳಲ್ಲಿ ಹೆಚ್ಚಿನವು ಇಂದಿಗೂ ವೇಲ್ಸ್‌ನ ಬ್ರಾಟನ್‌ನಿಂದಲೇ ಬರುತ್ತವೆ.

1972ರ ಅಕ್ಟೋಬರ್ 28ರಂದು ಹಾರಿದ ಎ300, ಎರಡೇ ಎಂಜಿನ್‌ಗಳಿದ್ದ ಮೊದಲ ಜೋಡಿ ನಡುದಾರಿಯ (ಆಸನಗಳ ನಡುವೆ ಓಡಾಡಲು ಎರಡು ದಾರಿಗಳಿರುವ) ವಿಮಾನ. ಒಡಲಿನ ಅಗಲ 5.64 ಮೀಟರ್. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಅಳತೆಯ ಸರಕು ಪೆಟ್ಟಿಗೆಗಳು ನೆಲಹಾಸಿನ ಕೆಳಗೆ ಅಕ್ಕಪಕ್ಕ ಎರಡು ಹಿಡಿಯಲೆಂದು ಈ ಅಳತೆ. ಎ330, ಎ340ಗಳ ಒಡಲೂ ಇಷ್ಟೇ ಅಗಲ. ವಿಮಾನ ಚೆನ್ನಾಗಿದ್ದರೂ ಕೊಳ್ಳುವವರಿರಲಿಲ್ಲ. 1970ರ ದಶಕದ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊಸ ಬೇಡಿಕೆ ಬರದೆ, ಬಾಲದ ಮೇಲೆ ಯಾವ ಸಂಸ್ಥೆಯ ಗುರುತೂ ಇಲ್ಲದ ಬಿಳಿಯ ವಿಮಾನಗಳು ಟುಲೂಸ್‌ನಲ್ಲಿ ಸಾಲಾಗಿ ನಿಂತಿದ್ದವು. ಆ ಕಷ್ಟಕಾಲದ ಕೆಲವೇ ಗಿರಾಕಿಗಳಲ್ಲಿ ಭಾರತದ ಇಂಡಿಯನ್ ಏರ್‌ಲೈನ್ಸ್ ಒಂದು. ಅದು 1976ರಲ್ಲಿ ಎ300 ಹಾರಿಸತೊಡಗಿತು. 1977ರಲ್ಲಿ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ಗೆ ನಾಲ್ಕು ವಿಮಾನಗಳನ್ನು ಆರು ತಿಂಗಳ ಪರೀಕ್ಷೆಗೆಂದು ಕೊಡಲಾಯಿತು. ಇಂಧನದ ಉಳಿತಾಯ ಕಂಡ ಈಸ್ಟರ್ನ್ ಮರುವರ್ಷ 23 ವಿಮಾನ ಕೊಂಡಿತು. ಅಮೆರಿಕದ ಬಾಗಿಲು ತೆರೆದದ್ದು ಆಗ.

1987ರ ಫೆಬ್ರುವರಿ 22ರಂದು ಹಾರಿದ ಎ320 ಒಂಟಿ ನಡುದಾರಿಯದು. ಚಾಲಕನ ಆಜ್ಞೆ ಉಕ್ಕಿನ ಹಗ್ಗಗಳ ಮೂಲಕವಲ್ಲದೆ ಕಂಪ್ಯೂಟರಿನ ಮೂಲಕ ವಿದ್ಯುತ್ ಸಂಕೇತವಾಗಿ ರೆಕ್ಕೆ ಬಾಲಗಳಿಗೆ ತಲುಪುವ ವ್ಯವಸ್ಥೆಯನ್ನು ಶಬ್ದಕ್ಕಿಂತ ಕಡಿಮೆ ವೇಗದ ಪ್ರಯಾಣಿಕ ವಿಮಾನಗಳಲ್ಲಿ ಪೂರ್ಣವಾಗಿ ತಂದದ್ದು ಇದೇ ಮೊದಲು. ಚಾಲಕನ ಮುಂದಿದ್ದ ಚುಕ್ಕಾಣಿ ಮಾಯವಾಗಿ ಪಕ್ಕದಲ್ಲೊಂದು ಪುಟ್ಟ ಹಿಡಿಕೆ ಬಂತು. ಮುಂದಿನ ಮಾದರಿಗಳಲ್ಲೂ ಚಾಲಕರ ಕೋಣೆಯ ವಿನ್ಯಾಸ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವ ಚಾಲಕನ ತರಬೇತಿ ಕಡಿಮೆಯಾಯಿತು. ಏರ್‌ಬಸ್‌ನ ಮಾರಾಟಗಾರರ ಕೈಯಲ್ಲಿದ್ದ ಅತಿ ದೊಡ್ಡ ವಾದ ಇದೇ.

1997ರ ಆಗಸ್ಟ್ 1ರಂದು ಬೋಯಿಂಗ್, ಮ್ಯಾಕ್‌ಡೊನೆಲ್ ಡಗ್ಲಾಸನ್ನು ತನ್ನೊಳಗೆ ಸೇರಿಸಿಕೊಂಡಿತು. ದೊಡ್ಡ ವಿಮಾನಗಳಲ್ಲಿ ಇಬ್ಬರೇ ಉಳಿದರು. 2003ರಲ್ಲಿ ಏರ್‌ಬಸ್ ವರ್ಷದ ಪೂರೈಕೆಯಲ್ಲಿ ಮೊದಲ ಬಾರಿಗೆ ಬೋಯಿಂಗನ್ನು ಹಿಂದಿಕ್ಕಿತು.

ಉದ್ಯಮದ ರಚನೆ

ತಯಾರಕ ಸಂಸ್ಥೆ ಮುಖ್ಯವಾಗಿ ವಿನ್ಯಾಸಕಾರ ಮತ್ತು ಜೋಡಣೆಗಾರ. ಎಂಜಿನ್‌ಗಳು ಜನರಲ್ ಎಲೆಕ್ಟ್ರಿಕ್, ಪ್ರ್ಯಾಟ್ ಅಂಡ್ ವಿಟ್ನಿ, ರೋಲ್ಸ್ ರಾಯ್ಸ್ ಮತ್ತು ಅಮೆರಿಕ–ಫ್ರಾನ್ಸ್ ಜಂಟಿ ಸಂಸ್ಥೆ ಸಿಎಫ್‌ಎಂಗಳಿಂದ ಬರುತ್ತವೆ. ಬೋಯಿಂಗ್ 737ರ ಒಡಲು ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ತಯಾರಾಗಿ, ರಕ್ಷಣಾ ಲೇಪದ ಹಸಿರು ಬಣ್ಣದಲ್ಲೇ ರೈಲಿನ ತೆರೆದ ಬೋಗಿಗಳ ಮೇಲೆ ಸಿಯಾಟಲ್ ಬಳಿಯ ರೆಂಟನ್ನಿಗೆ ಬರುತ್ತದೆ. 2014ರ ಜುಲೈನಲ್ಲಿ ಮೊಂಟಾನಾ ರಾಜ್ಯದಲ್ಲಿ ಇಂಥ ರೈಲೊಂದು ಹಳಿ ತಪ್ಪಿ ಮೂರು ಒಡಲುಗಳು ಕ್ಲಾರ್ಕ್ ಫೋರ್ಕ್ ನದಿಗೆ ಜಾರಿದ್ದವು. ಏರ್‌ಬಸ್ ತನ್ನ ಭಾಗಗಳನ್ನು ಬೆಲುಗಾ ಎಂಬ ಉಬ್ಬಿದ ತಲೆಯ ಸರಕು ವಿಮಾನಗಳಲ್ಲಿ ಸಾಗಿಸುತ್ತದೆ. ಅದರ ಜೋಡಣೆ ಕೇಂದ್ರಗಳು ಟುಲೂಸ್, ಹ್ಯಾಂಬರ್ಗ್, ಚೀನಾದ ತಿಯಾನ್‌ಜಿನ್, ಅಮೆರಿಕದ ಮೊಬೀಲ್ ಮೊದಲಾದೆಡೆ ಹರಡಿವೆ.

ಹೊಸ ಮಾದರಿಗೆ ಅಮೆರಿಕದ ಎಫ್‌ಎಎ, ಯುರೋಪಿನ ಇಎಎಸ್‌ಎ ಮುಂತಾದ ನಿಯಂತ್ರಕರ ಪ್ರಮಾಣಪತ್ರ ಬೇಕು. ಭಾರತದಲ್ಲಿ ಈ ಅಧಿಕಾರ ಡಿಜಿಸಿಎಯದು. ಹಾರಾಟದಲ್ಲಿ ಎದುರಾಗಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟನ್ನು ರೆಕ್ಕೆ ಮೂರು ಸೆಕೆಂಡು ತಡೆದುಕೊಳ್ಳಬೇಕು ಎಂಬುದು ನಿಯಮ. 1995ರಲ್ಲಿ ಬೋಯಿಂಗ್ 777ರ ರೆಕ್ಕೆಗಳನ್ನು ಬೇಕೆಂದೇ ಮುರಿಯುವವರೆಗೆ ಮೇಲಕ್ಕೆ ಬಾಗಿಸಿದಾಗ ಅವು 1.54 ಪಟ್ಟಿನಲ್ಲಿ ಮುರಿದವು. ನಿಯಮಕ್ಕಿಂತ ತೀರ ಹೆಚ್ಚು ಗಟ್ಟಿಯಾಗಿದ್ದರೆ ಅದು ಅನಗತ್ಯ ತೂಕವೆಂದು ಎಂಜಿನಿಯರುಗಳು ಎಣಿಸುತ್ತಾರೆ.

ಗಿರಾಕಿ ಕಾದಿರಿಸುವಾಗ ಸ್ವಲ್ಪ ಹಣ ಕೊಟ್ಟು, ಬಹುಪಾಲನ್ನು ವಿಮಾನ ಕೈಸೇರುವಾಗ ಕೊಡುತ್ತಾನೆ. ಆದ್ದರಿಂದ ಬೇಡಿಕೆಯ ಅಂಕಿಗಿಂತ ಪೂರೈಕೆಯ ಅಂಕಿಯೇ ಸಂಸ್ಥೆಯ ನಿಜವಾದ ಆರೋಗ್ಯ ತಿಳಿಸುತ್ತದೆ.

ಬಗೆಗಳು

ಒಂಟಿ ನಡುದಾರಿಯ ವಿಮಾನಗಳು (737, ಎ320, ಎ220) ಅತಿ ಹೆಚ್ಚು ಮಾರಾಟವಾಗುವಂಥವು. ಜೋಡಿ ನಡುದಾರಿಯವು (777, 787, ಎ330, ಎ350) ದೂರದ ಪಯಣಕ್ಕೆ. ನೂರರ ಆಸುಪಾಸಿನ ಆಸನಗಳ ಪ್ರಾದೇಶಿಕ ಜೆಟ್‌ಗಳು ಹಾಗೂ ಸಣ್ಣ ಊರುಗಳ ಚಿಕ್ಕ ಓಡುದಾರಿಗೆ ಒಗ್ಗುವ, ಪಂಖವಿರುವ ಟರ್ಬೊಪ್ರಾಪ್‌ಗಳು ಉಳಿದ ಬಗೆಗಳು.

ಇಬ್ಬರ ಪೈಪೋಟಿ

2000ದ ದಶಕದಲ್ಲಿ ಇಬ್ಬರ ಎಣಿಕೆಗಳು ಕವಲೊಡೆದವು. ಪ್ರಯಾಣಿಕರು ದೊಡ್ಡ ಕೇಂದ್ರ ನಿಲ್ದಾಣಗಳಲ್ಲಿ ನೆರೆದು ಅಲ್ಲಿಂದ ಮುಂದೆ ಹೋಗುತ್ತಾರೆಂದು ನಂಬಿದ ಏರ್‌ಬಸ್ ಎರಡಂತಸ್ತಿನ ಎ380 ಮಾಡಿತು. ನೇರವಾಗಿ ಊರಿಂದೂರಿಗೆ ಹೋಗಬಯಸುತ್ತಾರೆಂದು ನಂಬಿದ ಬೋಯಿಂಗ್, ಇಂಗಾಲದ ನಾರಿನ ಸಂಯುಕ್ತ ವಸ್ತುವಿನ ಒಡಲಿರುವ 787 ಮಾಡಿತು. ಎರಡಕ್ಕೂ ಹೆರಿಗೆ ಕಷ್ಟವಾಯಿತು. ಹ್ಯಾಂಬರ್ಗ್ ಮತ್ತು ಟುಲೂಸ್‌ನ ವಿನ್ಯಾಸಕಾರರು ಒಂದೇ ತಂತ್ರಾಂಶದ ಬೇರೆ ಬೇರೆ ಆವೃತ್ತಿ ಬಳಸಿದ್ದರಿಂದ ಎ380ರ ವಿದ್ಯುತ್ ತಂತಿಗಳು ಜೋಡಣೆಯ ವೇಳೆ ಅಳತೆಗೆ ಸರಿಹೊಂದದೆ ವರ್ಷಗಟ್ಟಲೆ ತಡವಾಯಿತು. 787 ಮೂರು ವರ್ಷಕ್ಕೂ ಹೆಚ್ಚು ತಡವಾಗಿ 2011ರಲ್ಲಿ ಸೇವೆಗೆ ಬಂದು, 2013ರಲ್ಲಿ ಲಿಥಿಯಂ ಬ್ಯಾಟರಿಗಳು ಸುಟ್ಟದ್ದರಿಂದ ಕೆಲಕಾಲ ನೆಲಕ್ಕಂಟಿತು. ಕೊನೆಗೆ ಬೋಯಿಂಗ್‌ನ ಎಣಿಕೆ ಗೆದ್ದಿತು. 251 ವಿಮಾನಗಳಿಗೆ ಎ380 ನಿಂತುಹೋಯಿತು.

ಆದರೆ ಹಣದ ಹರಿವು ಇರುವುದು ಒಂಟಿ ನಡುದಾರಿಯ ವಿಮಾನಗಳಲ್ಲಿ. ಅಲ್ಲಿ ಕತೆ ಬೇರೆ. 1967ರ 737ನ್ನು ನೆಲಕ್ಕೆ ತೀರ ಹತ್ತಿರ ಇರುವಂತೆ ಮಾಡಿದ್ದರು. ಸೌಲಭ್ಯವಿಲ್ಲದ ಸಣ್ಣ ನಿಲ್ದಾಣಗಳಲ್ಲಿ ಆಳುಗಳು ನಿಂತಲ್ಲಿಂದಲೇ ಸಾಮಾನು ತುಂಬಬಹುದಿತ್ತು, ವಿಮಾನದ್ದೇ ಮೆಟ್ಟಿಲು ಇಳಿಸಬಹುದಿತ್ತು. ಅಂದಿನ ಸಪೂರ ಎಂಜಿನ್‌ಗಳಿಗೆ ಆ ಎತ್ತರ ಸಾಕಾಗಿತ್ತು. ಇಂಧನ ಉಳಿಸುವ ಎಂಜಿನ್‌ಗಳು ದಪ್ಪಗಾಗುತ್ತ ಹೋದಂತೆ ಆ ಅನುಕೂಲವೇ ಕುತ್ತಾಯಿತು. 1980ರ ದಶಕದ 737-300ರಲ್ಲಿ ಎಂಜಿನ್ ಕವಚದ ತಳವನ್ನು ಚಪ್ಪಟೆ ಮಾಡಿ ಸಂಭಾಳಿಸಿದರು. 2010ರ ಡಿಸೆಂಬರ್‌ನಲ್ಲಿ ಏರ್‌ಬಸ್ ಹೊಸ ಎಂಜಿನ್‌ಗಳ ಎ320 ನಿಯೊ ಘೋಷಿಸಿದಾಗ, ಎತ್ತರವಾಗಿ ನಿಂತ ಆ ವಿಮಾನಕ್ಕೆ ದೊಡ್ಡ ಎಂಜಿನ್ ತೂಗುಹಾಕುವುದು ಸುಲಭವಾಗಿತ್ತು. ಮರುವರ್ಷ ಬೋಯಿಂಗ್‌ನ ಹಳೆಯ ಗಿರಾಕಿ ಅಮೆರಿಕನ್ ಏರ್‌ಲೈನ್ಸ್ 260 ಏರ್‌ಬಸ್‌ಗಳನ್ನು ಕಾದಿರಿಸಿತು. ಹೊಸ ವಿಮಾನದ ಯೋಚನೆ ಬಿಟ್ಟು ಬೋಯಿಂಗ್ ಅವಸರದಲ್ಲಿ 737 ಮ್ಯಾಕ್ಸ್ ಘೋಷಿಸಿತು.

ಮ್ಯಾಕ್ಸ್‌ನ ಎಂಜಿನ್‌ಗಳನ್ನು ಮುಂದಕ್ಕೂ ಮೇಲಕ್ಕೂ ಸರಿಸಬೇಕಾಯಿತು. ಅದರಿಂದ ಕೆಲವು ಸಂದರ್ಭಗಳಲ್ಲಿ ಮೂತಿ ಮೇಲೇಳುವ ಸ್ವಭಾವ ಬಂತು. ಹಳೆಯ 737ರ ಚಾಲಕರಿಗೆ ವ್ಯತ್ಯಾಸ ತಿಳಿಯಬಾರದೆಂದು ಎಂಕ್ಯಾಸ್ ಎಂಬ ತಂತ್ರಾಂಶ ಸೇರಿಸಿದರು. ಅದು ಒಂದೇ ಸಂವೇದಕದ ಸೂಚನೆ ನಂಬಿ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತುತ್ತಿತ್ತು. ಚಾಲಕರ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ 189, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಜನ ಮ್ಯಾಕ್ಸ್ ವಿಮಾನಗಳು ಬಿದ್ದು ಸತ್ತರು. ಜಗತ್ತಿನ ಎಲ್ಲ ಮ್ಯಾಕ್ಸ್‌ಗಳ ಹಾರಾಟ ನಿಂತಿತು. ಅಮೆರಿಕದಲ್ಲಿ ಮತ್ತೆ ಅನುಮತಿ ಸಿಕ್ಕಿದ್ದು 2020ರ ನವೆಂಬರ್‌ನಲ್ಲಿ. 2024ರ ಜನವರಿ 5ರಂದು ಹೊಸ ಮ್ಯಾಕ್ಸ್ ವಿಮಾನವೊಂದರ ಬಾಗಿಲ ತೆರವಿನ ಮುಚ್ಚಳ ಹಾರಾಟದಲ್ಲೇ ಕಿತ್ತುಹೋಯಿತು. ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟುಗಳನ್ನು ಹಾಕಿಯೇ ಇರಲಿಲ್ಲವೆಂದು ತನಿಖೆಯಲ್ಲಿ ಕಂಡುಬಂತು.

ಸಹಾಯಧನದ ವ್ಯಾಜ್ಯ

ಯುರೋಪಿನ ಸರ್ಕಾರಗಳು ಏರ್‌ಬಸ್‌ಗೆ ಹೊಸ ಮಾದರಿಯ ಆರಂಭಕ್ಕೆ, ವಿಮಾನ ಮಾರಾಟವಾದರೆ ಮಾತ್ರ ತೀರಿಸಬೇಕಾದ ಸಾಲ ಕೊಡುತ್ತವೆಂಬುದು ಅಮೆರಿಕದ ದೂರು. ಸೇನೆ ಮತ್ತು ಬಾಹ್ಯಾಕಾಶ ಸಂಶೋಧನೆಯ ಹಣ, ತೆರಿಗೆ ವಿನಾಯಿತಿಗಳ ಮೂಲಕ ಬೋಯಿಂಗ್‌ಗೂ ಹಣ ಸಲ್ಲುತ್ತದೆಂಬುದು ಯುರೋಪಿನ ಉತ್ತರ. 1992ರ ಒಪ್ಪಂದ ನೇರ ನೆರವನ್ನು ವಿನ್ಯಾಸ ವೆಚ್ಚದ ಶೇ 33ಕ್ಕೆ ಮಿತಿಗೊಳಿಸಿತ್ತು. 2004ರಲ್ಲಿ ವ್ಯಾಜ್ಯ ವಿಶ್ವ ವಾಣಿಜ್ಯ ಸಂಸ್ಥೆಗೆ ಹೋಯಿತು. ಎರಡೂ ಕಡೆ ತಪ್ಪಿದೆಯೆಂದ ಸಂಸ್ಥೆ, ವರ್ಷಕ್ಕೆ 750 ಕೋಟಿ ಡಾಲರ್ ಮೌಲ್ಯದ ಯುರೋಪಿನ ಸರಕುಗಳ ಮೇಲೆ ಸುಂಕ ಹಾಕಲು ಅಮೆರಿಕಕ್ಕೆ 2019ರಲ್ಲೂ, ಸುಮಾರು 400 ಕೋಟಿ ಡಾಲರ್ ಮೌಲ್ಯದ ಅಮೆರಿಕದ ಸರಕುಗಳ ಮೇಲೆ ಹಾಕಲು ಯುರೋಪಿಗೆ 2020ರಲ್ಲೂ ಅನುಮತಿ ನೀಡಿತು. ಈ ಸುಂಕಗಳನ್ನು 2021ರ ಜೂನ್‌ನಲ್ಲಿ ಐದು ವರ್ಷಗಳ ಮಟ್ಟಿಗೆ ತಡೆಹಿಡಿಯಲಾಯಿತು.

ಉಳಿದ ತಯಾರಕರು

ನೆದರ್ಲೆಂಡ್ಸ್‌ನ ಫೋಕರ್ 1996ರಲ್ಲಿ ದಿವಾಳಿಯಾಯಿತು. 1969ರಲ್ಲಿ ಸರ್ಕಾರಿ ಸಂಸ್ಥೆಯಾಗಿ ಹುಟ್ಟಿ 1994ರಲ್ಲಿ ಖಾಸಗಿಯಾದ ಬ್ರೆಜಿಲ್‌ನ ಎಂಬ್ರೇಯರ್ ಪ್ರಾದೇಶಿಕ ಜೆಟ್‌ಗಳಲ್ಲಿ ಗಟ್ಟಿಯಾಗಿ ನಿಂತಿದೆ. 1981ರಲ್ಲಿ ಫ್ರಾನ್ಸ್–ಇಟಲಿ ಜಂಟಿಯಾಗಿ ಸ್ಥಾಪಿಸಿದ ಎಟಿಆರ್ ಟರ್ಬೊಪ್ರಾಪ್‌ಗಳಲ್ಲಿ ಮುಂದಿದೆ. ಜಪಾನಿನ ಮಿತ್ಸುಬಿಷಿ ತನ್ನ ಸ್ಪೇಸ್‌ಜೆಟ್ ಯೋಜನೆಯನ್ನು 2023ರಲ್ಲಿ ಕೈಬಿಟ್ಟಿತು.

ಕೆನಡಾದ ಬಂಬಾರ್ಡಿಯೇ 2013ರಲ್ಲಿ ಹಾರಿಸಿದ ಸಿ ಸೀರೀಸ್ ವಿಮಾನದ ಪ್ರಸಂಗ ವಿಶಿಷ್ಟವಾದುದು. ಅಮೆರಿಕದಲ್ಲಿ ಅದು ವೆಚ್ಚಕ್ಕಿಂತ ಅಗ್ಗವಾಗಿ ಮಾರಾಟವಾಗುತ್ತಿದೆಯೆಂದು ಬೋಯಿಂಗ್ 2017ರಲ್ಲಿ ದೂರು ಕೊಟ್ಟಿತು. ದಿಕ್ಕು ತೋಚದ ಬಂಬಾರ್ಡಿಯೇ ಯೋಜನೆಯ ಹಿಡಿತವನ್ನೇ ಏರ್‌ಬಸ್‌ಗೆ ಬಿಟ್ಟುಕೊಟ್ಟಿತು. ದೂರು ಬಿದ್ದುಹೋಯಿತು, ವಿಮಾನ 2018ರಲ್ಲಿ ಎ220 ಎಂಬ ಹೆಸರಿನಿಂದ ಪ್ರತಿಸ್ಪರ್ಧಿಯ ಮನೆ ಸೇರಿತು.

ಭಾರತ ಮತ್ತು ಕರ್ನಾಟಕ

ಭಾರತ ಪ್ರಯಾಣಿಕ ವಿಮಾನಗಳ ದೊಡ್ಡ ಗಿರಾಕಿ. ತಯಾರಕನಾಗಿ ಅದರ ಪಾತ್ರ ಚಿಕ್ಕದು. ಬ್ರಿಟನ್ನಿನ ಪರವಾನಗಿಯ ಮೇಲೆ ಕಾನ್ಪುರದಲ್ಲಿ 89 ಎಚ್‌ಎಸ್-748 (ಆವ್ರೊ) ವಿಮಾನಗಳು ತಯಾರಾದವು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ 14 ಆಸನಗಳ ‘ಸರಸ್’ 2004ರ ಮೇ 29ರಂದು ಹಾರಿತು. 2009ರ ಮಾರ್ಚ್‌ನಲ್ಲಿ ಒಂದು ಮೂಲಮಾದರಿ ಬಿಡದಿ ಬಳಿ ಬಿದ್ದು ಮೂವರು ಸತ್ತ ಮೇಲೆ ಯೋಜನೆ ಕುಂಟಿತು. 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಇಳಿಯುವಾಗ ಇಂಡಿಯನ್ ಏರ್‌ಲೈನ್ಸ್‌ನ ಎ320 ಅಪಘಾತಕ್ಕೀಡಾಗಿ 92 ಜನ ಸತ್ತದ್ದು, ಆ ಮಾದರಿಯ ಕಂಪ್ಯೂಟರ್ ನಿಯಂತ್ರಣದ ಬಗ್ಗೆ ಜಗತ್ತಿನಾದ್ಯಂತ ಚರ್ಚೆ ಎಬ್ಬಿಸಿತು.

ಬಿಡಿಭಾಗಗಳಲ್ಲಿ ಕರ್ನಾಟಕದ ಪಾಲು ಗಣನೀಯ. ಎ320ರ ಮುಂಬಾಗಿಲುಗಳನ್ನು ಎಚ್‌ಎಎಲ್, ರೆಕ್ಕೆಯ ಹಿಂಬದಿ ಫಲಕಗಳು ಜಾರುವ ತೊಲೆಗಳನ್ನು ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್ ತಯಾರಿಸಿವೆ. ಬೆಳಗಾವಿಯ ಏಕಸ್ ವಿಶೇಷ ಆರ್ಥಿಕ ವಲಯದಿಂದಲೂ ಭಾಗಗಳು ಹೋಗುತ್ತವೆ. ಏರ್‌ಬಸ್‌ನ ಎಂಜಿನಿಯರಿಂಗ್ ಕೇಂದ್ರ ಬೆಂಗಳೂರಿನಲ್ಲಿದೆ; ದೇವನಹಳ್ಳಿಯ ಬಳಿ 43 ಎಕರೆಯಲ್ಲಿ ಬೋಯಿಂಗ್‌ನ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಇಂದಿನ ಸ್ಥಿತಿ

2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 250 ಏರ್‌ಬಸ್, 220 ಬೋಯಿಂಗ್ ವಿಮಾನಗಳ ಬೇಡಿಕೆ ಘೋಷಿಸಿತು. ಜೂನ್‌ನಲ್ಲಿ ಇಂಡಿಗೊ ಒಂದೇ ಬಾರಿಗೆ 500 ಏರ್‌ಬಸ್ ಕಾದಿರಿಸಿತು. ಬೇಡಿಕೆಗೆ ಕೊರತೆಯಿಲ್ಲ, ಕೊರತೆ ಇರುವುದು ತಯಾರಿಸುವ ಸಾಮರ್ಥ್ಯಕ್ಕೆ. 2024ರಲ್ಲಿ ಏರ್‌ಬಸ್ 766 ವಿಮಾನಗಳನ್ನು ಪೂರೈಸಿದರೆ, ಗುಣಮಟ್ಟದ ತನಿಖೆ ಮತ್ತು ಸುಮಾರು 33,000 ಕಾರ್ಮಿಕರ ಏಳು ವಾರಗಳ ಮುಷ್ಕರದಿಂದ ಬಳಲಿದ ಬೋಯಿಂಗ್ 348 ಮಾತ್ರ ಪೂರೈಸಿತು. 2025ರ ಅಕ್ಟೋಬರ್‌ನಲ್ಲಿ ಎ320 ಕುಟುಂಬದ ಒಟ್ಟು ಪೂರೈಕೆ, ಇಪ್ಪತ್ತು ವರ್ಷ ಹಿರಿಯದಾದ 737ರದ್ದನ್ನು ಮೀರಿತು.

ಈ ಇಬ್ಬರ ನಡುವೆ ಕಾಲಿಡಲು ಹೊರಟಿರುವುದು 2008ರಲ್ಲಿ ಶಾಂಘೈನಲ್ಲಿ ಸ್ಥಾಪನೆಯಾದ ಚೀನಾದ ಕೊಮ್ಯಾಕ್. ಅದರ ಸಿ919 ವಿಮಾನ 2017ರ ಮೇ 5ರಂದು ಹಾರಿ, 2023ರ ಮೇ 28ರಂದು ಚೀನಾದೊಳಗೆ ಸೇವೆಗೆ ಬಂತು. ಗಾತ್ರದಲ್ಲಿ ಅದು ಎ320 ಮತ್ತು 737ಗಳಿಗೆ ಸಮ. ಎಂಜಿನ್ ಮಾತ್ರ ಪಾಶ್ಚಾತ್ಯರ ಸಿಎಫ್‌ಎಂ ಸಂಸ್ಥೆಯದು. ಅದು ಹಾರುತ್ತಿರುವುದು ಚೀನಾದ ನಿಯಂತ್ರಕರ ಪ್ರಮಾಣಪತ್ರದ ಮೇಲೆ. ಅಮೆರಿಕದ ಮತ್ತು ಯುರೋಪಿನ ಪ್ರಮಾಣಪತ್ರಗಳು ಇನ್ನೂ ದೊರೆತಿಲ್ಲ.